ಹೊರಗಿಂದ ಕೂಗುವವರಿಲ್ಲದ ವರ್ಷ

ನನ್ನ ಮೊಮ್ಮಗಳನ್ನು ಕಾಲೇಜಿನ ವಾಲಿಬಾಲ್ ತಂಡಕ್ಕೆ ಕ್ಯಾಪ್ಟನ್ ಮಾಡಿದರು ಎಂದು ಗೊತ್ತಾದ ಸಂಜೆ ನಾನು ಬಾಳೂರಿನ ಅಂಗಡಿಗಳ ಮುಂದೆ ನಿಂತು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಕಾಫಿ ತೋಟದಿಂದ ಆಳುಗಳನ್ನು ತುಂಬಿಕೊಂಡು ಬಂದ ಜೀಪು ಪೂರ್ತಿ ನಿಲ್ಲುವುದಕ್ಕೂ ಬಿಡದೆ ಡ್ರೈವರನಿಗೆ ಹೇಳಿದೆ. ಸಕ್ಕರೆ ತರಲು ಹೋದವನು ಸಕ್ಕರೆ ಬಿಟ್ಟು ಬಂದೆ. ನಮ್ಮವಳು ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಆಗಲೇ ಮನೆಗೆ ಬಂದಾಯಿತು, ಸಕ್ಕರೆ ಯಾವಾಗ ಬರುತ್ತದೆ ಎಂದು ಕೇಳಿದಳು.

ಮೊಮ್ಮಗಳು ಮಾತ್ರ ಒಲೆಯ ಮುಂದೆ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು.

"ಊರಿಗೆಲ್ಲ ಎಂತಕ್ಕೆ ಹೇಳಿದ್ದು ಅಜ್ಜ? ಬೇರೆ ಯಾರೂ ಉಳ್ದಿಲ್ಲ, ಅದಕ್ಕೆ ನನ್ನ ಮಾಡಿದ್ದು."

ಅವಳು ಹೇಳಿದ್ದು ಸುಳ್ಳಲ್ಲ. ಪೇಟೆಯ ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳ ವಾಲಿಬಾಲ್ ಅಂದರೆ ಒಬ್ಬರೇ ಆಟದ ಮೇಷ್ಟ್ರು. ಅವರು ಅಲ್ಲಿಗೆ ಬಂದಾಗ ತಲೆ ತುಂಬ ಕೂದಲಿತ್ತಂತೆ, ಹೋಗುವಾಗ ಬರೀ ಟೋಪಿ ಇತ್ತು. ತೋಟದ ಆಳುಗಳಿರುವ ಲೈನ್ ಮನೆಗಳಿಂದ, ಎರಡೆಕರೆ ಮೂರೆಕರೆಯವರ ಮನೆಗಳಿಂದ ಹುಡುಗಿಯರನ್ನು ಹುಡುಕಿ ತಂದು, ಅಪ್ಪಂದಿರ ಹತ್ತಿರ ಮಾತಾಡಿ ಒಪ್ಪಿಸಿ, ಸಂಜೆ ಬಸ್ಸು ಹತ್ತಿಸುವ ತನಕ ಜೊತೆಗೆ ನಿಂತು ಆ ತಂಡ ಕಟ್ಟಿದವರು ಅವರು. ಆಟ ನಡೆಯುವಾಗ ಗೆರೆಯ ಹೊರಗೆ ನಿಂತು ಪ್ರತಿ ಚೆಂಡಿಗೂ ಒಂದು ಹೆಸರು ಕೂಗುತ್ತಿದ್ದರು. ಚೆಂಡು ನೆಟ್ ದಾಟುವ ಮೊದಲೇ ಅದು ಯಾರದು ಎಂದು ಅವರಿಗೆ ಗೊತ್ತಿರುತ್ತಿತ್ತು. ಹೆಸರು ಬಿದ್ದವಳು ಓಡುವಳು, ಮಿಕ್ಕವರು ನಿಲ್ಲುವರು. ಹಾಗೆಯೇ ಎಷ್ಟೋ ವರ್ಷ ಗೆದ್ದರು.

ಕಳೆದ ಮಳೆಗಾಲದಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಮೇಷ್ಟ್ರು ಬಯಲುಸೀಮೆಯ ತಮ್ಮ ಊರಿನ ಹತ್ತಿರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಅದೇ ವರ್ಷ ದೊಡ್ಡ ಹುಡುಗಿಯರ ಡಿಗ್ರಿಯೂ ಮುಗಿದಿತ್ತು. ಉಳಿದ ನಾಲ್ಕು ಜನರಲ್ಲಿ ಚೆಂಡನ್ನು ನೆಟ್ಟಿನ ಹತ್ತಿರ ಎತ್ತಿಕೊಡುವುದು ಬರುತ್ತಿದ್ದದ್ದು ನಮ್ಮ ಹುಡುಗಿಗೆ ಮಾತ್ರ. ಅದಕ್ಕೇ ಕ್ಯಾಪ್ಟನ್.

ಪ್ರಿನ್ಸಿಪಾಲರು ಅವಳನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರು. ಈ ಸಲ ಚಿಕ್ಕಮಗಳೂರಿನಲ್ಲಿ ನಡೆಯುವ ಕಾಲೇಜುಗಳ ಪಂದ್ಯಕ್ಕೆ ಕಳಿಸುತ್ತೇನೆ. ಆಡುವ ಹಾಗೆ ಆಡಿದರೆ ಸರಿ. ಸುಮ್ಮನೆ ಹೋಗಿ ನಿಂತು ಬರುವುದಾದರೆ ಬರುವ ವರ್ಷದಿಂದ ಹೆಣ್ಣುಮಕ್ಕಳ ತಂಡ ಇರುವುದಿಲ್ಲ. ಇಷ್ಟೇ. ಅವಳು ಆ ಕಾಲೇಜು ಸೇರಿದ್ದೇ ವಾಲಿಬಾಲಿಗೋಸ್ಕರ. ಚಿಕ್ಕವಳಿದ್ದಾಗ ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಮನೆಯ ಗೋಡೆಗೆ ಚೆಂಡು ಹೊಡೆದು ಹೊಡೆದು, ಲೆಕ್ಕ ಬರೆಯುವ ರೈಟರ ಹತ್ತಿರ ಬೈಸಿಕೊಂಡವಳು ಅವಳು. ಆ ರಾತ್ರಿ ಊಟ ಬಿಟ್ಟಳು. ನಾನು ಅವಳ ಪಾಲಿನದನ್ನೂ ಉಂಡೆ. ಚಿಂತೆಯಾದರೂ ಸಂತೋಷವಾದರೂ ನನಗೆ ಹಸಿವು ಜಾಸ್ತಿ.

ಹೊಸದಾಗಿ ತಂಡದ ಹೊಣೆ ಹೊರಿಸಿದ್ದು ಅರ್ಥಶಾಸ್ತ್ರ ಹೇಳುವ ಒಬ್ಬ ಎಳೆ ವಯಸ್ಸಿನ ಮೇಡಂಗೆ. ಕಡೂರಿನ ಆಚೆಯವರು. ಥ್ರೋಬಾಲ್ ಆಡಿದ್ದೆ, ವಾಲಿಬಾಲ್ ಅಷ್ಟಾಗಿ ಗೊತ್ತಿಲ್ಲ ಎಂದು ಮೊದಲ ದಿನವೇ ಹುಡುಗಿಯರಿಗೆ ಹೇಳಿಬಿಟ್ಟರಂತೆ. ಆದರೆ ಬಿಡುವ ಹೆಂಗಸಲ್ಲ. ಕ್ಲಾಸು ಕ್ಲಾಸಿಗೆ ಹೋಗಿ ಹೊಸಬರನ್ನು ಕರೆತಂದರು. ಕಳಸದ ಕಡೆಯಿಂದ ಬರುವ ಎತ್ತರದ ಹುಡುಗಿಯೊಬ್ಬಳು ಸಿಕ್ಕಳು, ಹೊಡೆದರೆ ಚೆಂಡು ನೆಲಕ್ಕೆ ಬಿದ್ದ ಮೇಲೆಯೇ ಕಾಣುವುದು. ನಮ್ಮ ಲೈನಿನದೇ ಒಂದು ಪುಟ್ಟ ಹುಡುಗಿ ಸಿಕ್ಕಳು. ಅವಳನ್ನು ಹಿಂದಿನ ಮೂಲೆಯಲ್ಲಿ ನಿಲ್ಲಿಸಿದರು. ಯಾರಿಗೂ ತೊಂದರೆ ಆಗದ ಜಾಗ ಅದು ಎಂದು.

ಮೊದಲ ಪಂದ್ಯ ಆಲ್ದೂರಿನ ಹತ್ತಿರ, ಅಭ್ಯಾಸಕ್ಕೆಂದು ಇನ್ನೊಂದು ಕಾಲೇಜಿನವರ ಜೊತೆ ಇಟ್ಟುಕೊಂಡದ್ದು. ನಾನೂ ಬಸ್ಸು ಹತ್ತಿದೆ. ಬೇಡವೆಂದರೂ ಹತ್ತಿದೆ. ಆಟ ಶುರುವಾದದ್ದೇ ತಡ, ಕೂತಲ್ಲಿ ಕೂರಲಾಗದೆ ಗೆರೆಯ ಪಕ್ಕದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯತೊಡಗಿದೆ. ರೆಫರಿ ಎರಡು ಸಲ ನೋಡಿದರು, ಮೂರನೆಯ ಸಲ ಇಳಿದು ಬಂದು, ಅಜ್ಜಾ, ನೀವು ಯಾವ ಟೀಮಿನ ಪ್ಲೇಯರ್ ಎಂದು ಕೇಳಿದರು.

ಅಲ್ಲಿ ನಾನು ಕಂಡದ್ದನ್ನು ಹೇಳಬೇಕು. ಚೆಂಡು ಆಚೆಯಿಂದ ಬರುತ್ತಿತ್ತು. ಇಬ್ಬರು ಹುಡುಗಿಯರ ನಡುವೆ, ಇಬ್ಬರಿಗೂ ಕೈಗೆ ಸಿಗುವ ಹಾಗೆ, ಮೆಲ್ಲಗೆ ಬಂದು ಬೀಳುತ್ತಿತ್ತು. ಇಬ್ಬರೂ ಅರ್ಧ ಹೆಜ್ಜೆ ಇಟ್ಟು ನಿಲ್ಲುತ್ತಿದ್ದರು. ಆಮೇಲೆ ಇಬ್ಬರೂ ಒಟ್ಟಿಗೆ ಕತ್ತು ತಿರುಗಿಸಿ ಗೆರೆಯ ಹೊರಗೆ, ಮೇಷ್ಟ್ರು ನಿಲ್ಲುತ್ತಿದ್ದ ಜಾಗ ನೋಡುತ್ತಿದ್ದರು. ಅಲ್ಲಿ ನೀರಿನ ಬಾಟಲಿಗಳಿದ್ದವು, ಅಷ್ಟೇ. ಹೊಸ ಹುಡುಗಿಯರೂ ಹಳಬರನ್ನು ನೋಡಿ ಅದನ್ನೇ ಕಲಿತಿದ್ದರು. ಎರಡು ಸೆಟ್ಟೂ ಹಾಗೆಯೇ ಹೋಯಿತು. ವಾಪಸು ಬಸ್ಸಿನಲ್ಲಿ ಕಳಸದ ಹುಡುಗಿ ಕಿಟಕಿಗೆ ತಲೆ ಆನಿಸಿ ಅತ್ತಳು. ನನಗೆ ಯಾರನ್ನು ಸಮಾಧಾನ ಮಾಡಬೇಕೋ ತಿಳಿಯದೆ ಎಲ್ಲರಿಗೂ ಕಿತ್ತಳೆ ಹಂಚಿದೆ.

ಕಾಲೇಜಿನ ಮೈದಾನದಲ್ಲಿ ಭಾನುವಾರ ಹುಡುಗರ ಕ್ರಿಕೆಟ್, ಹುಡುಗಿಯರ ಅಭ್ಯಾಸಕ್ಕೆ ಜಾಗವಿಲ್ಲ. ಅದಕ್ಕೆ ನಾನು ತೋಟದ ಸಾಹುಕಾರರ ಹತ್ತಿರ ಹೋದೆ. ಕಾಫಿ ಒಣಗಿಸುವ ಸಿಮೆಂಟಿನ ಕಣದಲ್ಲಿ ನಾನು ಆಯುಷ್ಯ ಕಳೆದವನು, ಈಗಲೂ ಸೀಸನ್ನಿನಲ್ಲಿ ಅದನ್ನು ಕಾಯುವುದು ನಾನೇ. ಕಣದ ಒಂದು ಮೂಲೆ ಖಾಲಿ ಇತ್ತು. ಕೊಡುತ್ತೀರಾ ಎಂದು ಕೇಳಿದೆ. ಚೆಂಡು ಕಾಫಿಯ ಮೇಲೆ ಬಿದ್ದರೆ ಯಾರು ಹೊಣೆ ಎಂದರು. ನಾನೇ ಎಂದೆ. ಹಾಗಾದರೆ ಚೆಂಡಿಗಿಂತ ನೀನೇ ಜಾಸ್ತಿ ಬೀಳೋದು ಎಂದು ನಕ್ಕು ಒಪ್ಪಿದರು. ಎರಡು ಬಿದಿರು ನೆಟ್ಟು ನೆಟ್ ಕಟ್ಟಿದೆ. ಆ ಬಿದಿರಿನ ಹತ್ತಿರವೇ ಓಡಾಡಿಕೊಂಡು, ಆಗಾಗ ಹಗ್ಗ ಬಿಗಿ ಮಾಡುತ್ತ, ಬಿಗಿಯಾಗಿದ್ದರೂ ಇನ್ನೊಮ್ಮೆ ಬಿಗಿ ಮಾಡುತ್ತ ನಾನು ಇರುತ್ತಿದ್ದೆ. ನಮ್ಮವಳು ಲೈನಿನ ಬಾಗಿಲಿಂದಲೇ ಕೂಗಿ ಹೇಳುತ್ತಿದ್ದಳು: "ಕೂತ್ಕೊಳ್ಳಿ ಮಾರಾಯ್ರೆ, ಆ ಬಿದ್ರಿಗೂ ಸುಸ್ತಾಗಿದೆ."

ಮೇಡಂ ತಮಗೆ ತೋಚಿದ ಉಪಾಯ ಮಾಡಿದರು. ಸೀಮೆಸುಣ್ಣದಿಂದ ಕೋರ್ಟನ್ನು ಆರು ಮನೆ ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಮನೆ ಕೊಟ್ಟರು. ನಿಮ್ಮ ಮನೆಗೆ ಬಂದ ಚೆಂಡು ನಿಮ್ಮದು. ಇನ್ನೂ ಕೆಟ್ಟಿತು. ಹುಡುಗಿಯರು ಚೆಂಡು ನೋಡುವುದು ಬಿಟ್ಟು ಕಾಲ ಕೆಳಗಿನ ಗೆರೆ ನೋಡತೊಡಗಿದರು. ಒಂದು ಚೆಂಡು ನಮ್ಮ ಪುಟ್ಟ ಹುಡುಗಿಯ ಮೊಣಕೈ ಪಕ್ಕದಲ್ಲೇ, ಗೆರೆಯಾಚೆ ಬಿತ್ತು. ಅವಳು ಅದನ್ನು ಬೀಳುವ ತನಕ ನೋಡಿದಳು.

ಮೇಡಂ ಕೇಳಿದರು, "ಯಾಕಮ್ಮ ಬಿಟ್ಟೆ? ಕೈ ಚಾಚಿದ್ರೆ ಸಾಕಿತ್ತಲ್ಲ."

"ಅದು ಅಕ್ಕನ ಸಾಲು ಮಿಸ್."

ಮೇಡಂಗೆ ಅರ್ಥವಾಗಲಿಲ್ಲ. ಯಾವ ಸಾಲು ಎಂದು ನನ್ನ ಮುಖ ನೋಡಿದರು. ನನಗೆ ನಗು ಬಂತು. ಕಾಫಿ ಹಣ್ಣು ಕೊಯ್ಯುವಾಗ ಮೇಸ್ತ್ರಿ ಬೆಳಿಗ್ಗೆ ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ ತೋರಿಸುತ್ತಾನೆ. ಸಂಜೆ ಅವರವರ ಚೀಲ ಅವರವರ ಲೆಕ್ಕದಲ್ಲಿ ತೂಗುತ್ತಾರೆ. ಹಾಗಾಗಿ ಪಕ್ಕದ ಸಾಲಿನ ಗಿಡ ಹಣ್ಣು ತುಂಬಿ ನಮ್ಮ ಕಡೆ ಬಗ್ಗಿದ್ದರೂ ಅದಕ್ಕೆ ಕೈ ಹಾಕುವಂತಿಲ್ಲ. ಹಾಕಿದವರನ್ನು ಲೈನಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಈ ಹುಡುಗಿಯರು ರಜೆಯಲ್ಲಿ ಅಮ್ಮನ ಜೊತೆ ಕೊಯ್ಯಲು ಹೋಗಿ ಬೆಳೆದವರು. ಸ್ವಂತ ತೋಟವಿದ್ದ ಮನೆಯವರೂ ಅಕ್ಕಪಕ್ಕದ ತೋಟಗಳಿಗೆ ಹೋಗಿ ಕೊಯ್ದವರೇ. ಮೇಷ್ಟ್ರು ಕೂಗುತ್ತಿದ್ದ ಹೆಸರು ಅವರಿಗೆ ಮೇಸ್ತ್ರಿ ತೋರಿಸಿದ ಸಾಲಿನ ಹಾಗೆ. ತೋರಿಸುವವರೇ ಇಲ್ಲದ ಮೇಲೆ ಯಾರು ಯಾರ ಚೆಂಡಿಗೆ ಕೈ ಹಾಕುತ್ತಾರೆ?

ಇದನ್ನು ಹುಡುಗಿಯರೇ ಒಬ್ಬರ ಮಾತಿಗೆ ಒಬ್ಬರು ಸೇರಿಸಿ ಮೇಡಂಗೆ ಹೇಳಿದರು. ಮೇಡಂ ಸೀಮೆಸುಣ್ಣ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೇಳಿದರು. ಆಟ ಎಲ್ಲರದೂ ಅಲ್ಲವಾ ಎಂದರು. ಹೌದು ಮಿಸ್ ಎಂದರು ಎಲ್ಲರೂ. ಮತ್ತೆ ಆಡಿದರು. ಮತ್ತೆ ಚೆಂಡು ನಡುವೆ ಬಿತ್ತು. ತಿಳಿಯುವುದೇ ಬೇರೆ, ಕೈ ಏಳುವುದೇ ಬೇರೆ.

ಮುಂದಿನ ಭಾನುವಾರ ಆಡುತ್ತಿದ್ದಾಗ ಗುಡ್ಡದ ಆಚೆಯಿಂದ ಮೋಡ ಎದ್ದಿತು. ಈಗೀಗ ಮೋಡಕ್ಕೆ ತಿಂಗಳು ಗೊತ್ತಾಗುವುದಿಲ್ಲ, ಕಾಫಿ ಕಣದಲ್ಲಿರುವಾಗಲೇ ಬರುತ್ತದೆ. ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿ ಕಣದ ತುಂಬ ಹರಡಿತ್ತು. ಒಣಗಿ ಇನ್ನೇನು ಚೀಲಕ್ಕೆ ತುಂಬಬೇಕಿದ್ದದ್ದು. ಒಂದು ಮಳೆ ತಾಗಿದರೆ ವಾಸನೆ ಹಿಡಿಯುತ್ತದೆ. ಆಳುಗಳಿಗೆ ರಜೆ. ಕಣದಲ್ಲಿ ನಾನೊಬ್ಬ. ಮೊದಲ ಹನಿ ನನ್ನ ಕೈ ಮೇಲೆ ಬಿದ್ದಾಗ ನಾನು ಏನು ಕೂಗಿದೆನೋ ನೆನಪಿಲ್ಲ.

ತಿರುಗಿ ನೋಡುವುದರೊಳಗೆ ಹುಡುಗಿಯರು ಕಣದಲ್ಲಿದ್ದರು. ಎತ್ತರದವಳು ಹಲಗೆ ಕೋಲು ಹಿಡಿದು ಕಾಫಿ ಎಳೆದು ರಾಶಿ ಮಾಡುತ್ತಿದ್ದಳು. ಅವಳ ಕೈ ಸೋತ ಕಡೆ ಇನ್ನೊಬ್ಬಳು ಹೇಳದೆ ಕೇಳದೆ ಕೋಲಿಗೆ ಕೈ ಹಾಕಿದಳು. ನಮ್ಮ ಪುಟ್ಟ ಹುಡುಗಿ ಟಾರ್ಪಾಲಿನ ತುದಿ ಹಿಡಿದು ಓಡುತ್ತ, ನೀ ಆ ಕಡೆ ಎಳಿ, ಕಲ್ಲು ತಾ, ಕಾಲು ತೆಗಿ ಎಂದು ದೊಡ್ಡವರನ್ನೆಲ್ಲ ಬೈದು ಕೆಲಸ ಮಾಡಿಸುತ್ತಿದ್ದಳು. ಮೇಡಂ ಕೂಡ ಸೀರೆ ಎತ್ತಿ ಕಟ್ಟಿ ಟಾರ್ಪಾಲಿನ ಮೇಲೆ ಕಲ್ಲು ಹೇರಿದರು. ಮಳೆ ಜೋರಾಗುವಷ್ಟರಲ್ಲಿ ಕಾಫಿ ಮುಚ್ಚಿಯಾಗಿತ್ತು. ಮಳೆಗೆ ಯಾರೂ ಸಾಲು ಕೇಳುವುದಿಲ್ಲ. ಯಾರ ಕಣವೇ ಆಗಲಿ, ಹತ್ತಿರ ಇದ್ದವರು ಓಡಬೇಕು, ಓಡುವಾಗ ಕೂಗಬೇಕು. ನಮ್ಮ ಕಡೆ ಅದು ಯಾರೂ ಹೇಳಿಕೊಡದೆ ಬಂದದ್ದು.

ಪಲ್ಪರ್ ಮನೆಯ ಸೂರಿನ ಕೆಳಗೆ ಎಲ್ಲರೂ ನೆನೆದು ನಿಂತಿದ್ದೆವು. ಮೊಮ್ಮಗಳು ನೀರು ಹಿಂಡುತ್ತಿದ್ದ ಜಡೆಯನ್ನು ಬಿಟ್ಟು, ಮುಚ್ಚಿದ ಕಾಫಿಯ ಕಡೆ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು.

"ಇನ್ಮೇಲೆ ಚೆಂಡು ಬಂದ್ರೆ ಮಳೆ ಬಂತು ಅಂದ್ಕೊಳ್ಳಿ. ಯಾರು ಹತ್ರ ಇದ್ದೀರೋ ಅವ್ರು ಕೂಗಿ ಓಡಿ. ನನ್ನ ಮೈ ಮೇಲೆ ಬಿದ್ರೂ ಪರ್ವಾಗಿಲ್ಲ."

"ಬೈದ್ರೆ?" ಎಂದಳು ಪುಟ್ಟ ಹುಡುಗಿ.

"ಈಗ ನೀನು ನಮ್ಗೆಲ್ಲ ಬೈದ್ಯಲ್ಲ ಮಾರಾಯ್ತಿ, ನಾವೇನು ಸತ್ವಾ?"

ಎಲ್ಲರೂ ನಕ್ಕರು. ಮಳೆಗೆ ಮೇಡಂ ಬರೆದ ಆರು ಮನೆಗಳೂ ತೊಳೆದು ಹೋಗಿದ್ದವು. ಅವರು ಮತ್ತೆ ಬರೆಯಲಿಲ್ಲ.

ಒಂದೇ ದಿನದಲ್ಲಿ ಎಲ್ಲ ಸರಿಯಾಯಿತು ಎಂದರೆ ಸುಳ್ಳಾಗುತ್ತದೆ. ಕೂಗಿ ಓಡಿ ಒಬ್ಬರಿಗೊಬ್ಬರು ಗುದ್ದಿಕೊಂಡರು. ಕಳಸದ ಹುಡುಗಿಯ ತುಟಿ ಊದಿತು. ಒಂದು ವಾರ ಅತಿಯಾಗಿ, ಒಂದೊಂದು ಚೆಂಡಿಗೆ ನಾಲ್ಕು ಜನ ಓಡಿದರು. ನನಗೆ ಮಾತ್ರ ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಶನಿವಾರ ಸಂಜೆಯಿಂದಲೇ ಬಿದಿರು ಅಲ್ಲಾಡಿಸಿ ನೋಡಿ ಬರುತ್ತಿದ್ದೆ.

ಪಂದ್ಯಕ್ಕೆ ಸ್ವಲ್ಪ ದಿನ ಇರುವಾಗ ಹಳೆಯ ಮೇಷ್ಟ್ರ ಫೋನು ಬಂತು, ಮೊದಲು ಎತ್ತಿದ್ದು ನಾನು. ತಾಯಿ ಈಗ ಎದ್ದು ಕೂರುತ್ತಾರೆ, ಒಂದು ದಿನ ರಜೆ ಹಾಕಿ ಚಿಕ್ಕಮಗಳೂರಿಗೆ ಬರುತ್ತೇನೆ, ಗೆರೆ ಪಕ್ಕ ನಿಂತು ಕೂಗುತ್ತೇನೆ, ನಿಮ್ಮ ಮೇಡಂಗೂ ಹೇಳಿದ್ದೇನೆ, ಅವರು ಆಗಲಿ ಎಂದಿದ್ದಾರೆ ಎಂದರು. ನಾನು ಕುಣಿದುಬಿಟ್ಟೆ. ಇನ್ನೇನು, ಗೆದ್ದ ಹಾಗೆಯೇ ಎಂದೆ. ಮೊಮ್ಮಗಳು ಫೋನು ಇಸಿದುಕೊಂಡು ಕಿವಿಗೆ ಒತ್ತಿ ಅಂಗಳದಲ್ಲಿ ಸುತ್ತು ಹೊಡೆಯುತ್ತಿದ್ದಳು. ನೋಡಿದರೆ ಕಣ್ಣಲ್ಲಿ ನೀರು.

"ಬನ್ನಿ ಸರ್, ನೀವು ಬರ್ಲೇಬೇಕು. ಆದ್ರೆ ಮೇಲೆ ಕೂತ್ಕೊಳ್ಳಿ ಸರ್. ಕೂಗ್ಬೇಡಿ. ನೀವು ಕೂಗಿದ್ರೆ ನಾವು ಮತ್ತೆ ನಿಂತ್ಬಿಡ್ತೀವಿ."

ನನಗೆ ಅವಳ ಕೈಯಿಂದ ಫೋನು ಕಿತ್ತುಕೊಳ್ಳಬೇಕು ಅನ್ನಿಸಿತು. ಅಷ್ಟು ವರ್ಷದ ಗುರುವಿಗೆ ಹಾಗೆ ಹೇಳುವುದುಂಟಾ? ಮೇಷ್ಟ್ರು ಕೊನೆಗೆ ಆಯ್ತಮ್ಮ ಎಂದು ಇಟ್ಟರಂತೆ. ಅವರು ಬರುವುದಿಲ್ಲ, ಬೇಸರವಾಗಿದೆ ಎಂದು ನಾನಂದೆ. ಬೇಸರ ಆಗಿರಬಹುದು, ಬರ್ತಾರೆ ಎಂದಳು ಅವಳು.

ಬಂದರು. ಚಿಕ್ಕಮಗಳೂರಿನ ಮೈದಾನದ ಮೆಟ್ಟಿಲುಗಳ ಮೇಲೆ, ಅದೇ ಟೋಪಿ ಹಾಕಿಕೊಂಡು, ನನ್ನ ಪಕ್ಕದಲ್ಲೇ ಕೂತರು. ಹೊಸ ಮೇಡಂ ಕೆಳಗೆ ಬೆಂಚಿನಲ್ಲಿದ್ದರು. ನಮ್ಮ ಪ್ರಿನ್ಸಿಪಾಲರು ಆಚೆ ಕಡೆ ನೆರಳಿನಲ್ಲಿ. ಅಷ್ಟು ದೂರದಿಂದ ಬಂದ ಮನುಷ್ಯನಿಗೆ ನಾನು ಒಂದು ಕಿತ್ತಳೆ ಕೊಟ್ಟೆ.

ಮೊದಲ ಸೆಟ್ ಹೋಯಿತು. ಎರಡನೆಯದು ನಮಗೆ ಬಂತು. ನಮ್ಮ ಹುಡುಗಿಯರು ಮಳೆ, ಮಳೆ ಎಂದು ಕೂಗಿ ಓಡುವುದನ್ನು ಕೇಳಿ ಎದುರು ತಂಡದವರು ಆಕಾಶ ನೋಡಿದರು. ಜನ ನಕ್ಕರು. ನಮ್ಮವರು ನಗಲಿಲ್ಲ. ಮೂರನೆಯ ಸೆಟ್ಟಿನಲ್ಲಿ ಸಮಸಮ ಬಂದು ನಿಂತಿತು. ಇನ್ನು ಎರಡು ಪಾಯಿಂಟು ಮುಂದಾದವರು ಗೆದ್ದ ಹಾಗೆ. ನಾನು ಎದ್ದೆ, ಕೂತೆ, ಮೆಟ್ಟಿಲಿಳಿದೆ, ಮತ್ತೆ ಹತ್ತಿದೆ. ಮುಂದೆ ಕೂತಿದ್ದ ಹೆಂಗಸು, ಅಜ್ಜಾ, ಕಾಲು ತುಳೀಬೇಡಿ ಎಂದಳು.

ಒಂದು ಪಾಯಿಂಟು ನಮಗೆ ಬಂತು. ಆಮೇಲೆ ಆಚೆಯವರು ಜೋರಾಗಿ ಹೊಡೆದ ಚೆಂಡು, ನೆಟ್ಟಿನ ಹತ್ತಿರ ತಡೆಯಲು ಹಾರಿದ ನಮ್ಮವರ ಕೈಗೆ ತಾಗಿ ಓರೆಯಾಗಿ ಹಿಂದಕ್ಕೆ ಹಾರಿತು. ಮೇಷ್ಟ್ರು ಎದ್ದು ನಿಂತರು. ಬಾಯಿ ತೆರೆದರು. ಅವರ ಕತ್ತಿನ ನರ ಉಬ್ಬಿದ್ದು ನನಗೆ ಪಕ್ಕದಿಂದ ಕಂಡಿತು. ಈಗ ಕೂಗಿದರು, ಈಗ ಕೆಟ್ಟಿತು ಎಂದುಕೊಂಡೆ.

ಕೆಳಗಿನಿಂದ ಕೂಗು ಮೊದಲು ಬಂತು. ಹಿಂದಿನ ಮೂಲೆಯ ಪುಟ್ಟ ಹುಡುಗಿ ಕೂಗಿಕೊಂಡೇ ಗೆರೆಯಾಚೆ ಓಡಿ, ಬೆಂಚಿನ ಹತ್ತಿರ ಬಗ್ಗಿ, ಎರಡೂ ಕೈ ಜೋಡಿಸಿ ಚೆಂಡನ್ನು ಮೇಲಕ್ಕೆ ಎತ್ತಿದಳು. ಮೊಮ್ಮಗಳು ಅದರ ಕೆಳಗೆ ಬಂದಳು, ನೆಟ್ಟಿನ ಹತ್ತಿರಕ್ಕೆ ಎತ್ತಿಕೊಟ್ಟಳು. ಕಳಸದ ಹುಡುಗಿ ಹಾರಿದ್ದು ಕಂಡಿತು. ಚೆಂಡು ಕಂಡದ್ದು ನೆಲಕ್ಕೆ ಬಿದ್ದ ಮೇಲೆ.

ನಾನು ಯಾರನ್ನು ತಬ್ಬಿಕೊಂಡೆನೋ ಗೊತ್ತಿಲ್ಲ. ಕಾಲು ತುಳಿಸಿಕೊಂಡ ಹೆಂಗಸೇ ಇರಬೇಕು.

ಮಧ್ಯಾಹ್ನದ ಪಂದ್ಯದಲ್ಲಿ ಸೋತರು. ಎದುರಿನವರು ನಿಜವಾಗಿಯೂ ದೊಡ್ಡ ತಂಡ. ಆದರೂ ಪ್ರತಿ ಚೆಂಡಿಗೂ ಯಾರೋ ಒಬ್ಬಳು ಓಡಿದಳು. ಮುಗಿದ ಮೇಲೆ ಪ್ರಿನ್ಸಿಪಾಲರು ನೆರಳಿನಿಂದ ಎದ್ದು ಬಂದು, ಬರುವ ವರ್ಷವೂ ನೀವೇ ನೋಡಿಕೊಳ್ಳಿ ಮೇಡಂ, ಹೊಸ ನೆಟ್ ತರಿಸೋಣ ಎಂದರು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಎಲ್ಲರಿಗಿಂತ ಮೊದಲು ಅತ್ತದ್ದು ಮೇಡಂ.

ಮೇಷ್ಟ್ರಿಗೆ ಸಂಜೆ ಬಸ್ಸಿತ್ತು. ನಾನು ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಹೋದೆ. ದಾರಿಯಲ್ಲಿ ಅವರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಆ ಚೆಂಡಿಗೆ ನಾನು ಎದ್ದೆನಲ್ಲ ಅಜ್ಜ, ನನ್ನ ಬಾಯಿಗೆ ಬಂದಿದ್ದು ಬೇರೆ ಹುಡುಗಿ ಹೆಸ್ರು. ಆ ಸಣ್ಣವಳು ಅಲ್ಲೀ ತನಕ ಹೋಗ್ತಾಳೆ ಅಂತ ನಂಗೆ ಹೊಳೀಲೇ ಇಲ್ಲ."

ಬಸ್ಸು ಹೊರಟದ್ದೇ ನಾನು ಅರ್ಧ ಓಡಿಕೊಂಡೇ ಮೈದಾನಕ್ಕೆ ಬಂದೆ. ಇದನ್ನು ಮೊಮ್ಮಗಳಿಗೆ ಹೇಳದೆ ನನಗೆ ಸಮಾಧಾನವಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಹೇಳಿದೆ.

"ನಂಗೂ ಹೊಳ್ದಿರ್ಲಿಲ್ಲ ಅಜ್ಜ," ಎಂದಳು. ಆಮೇಲೆ ನನ್ನ ಭುಜದಾಚೆ ನೋಡಿ, ಸೋಮವಾರ ಪ್ರಾಕ್ಟೀಸು ಎಷ್ಟೊತ್ತಿಗೆ ಎಂದು ಮೇಡಂ ಹತ್ತಿರ ಕೇಳಿದಳು.